ಕೊಡಗಿನಲ್ಲಿ ಹೊಸ ವ್ಯಾನ್ ಕೊಳ್ಳುವಾಗ ಡೀಲರ್ ಹತ್ತಿರ ರೇಟು ಇಳಿಸುವುದು ಹೇಗೆ

ಶೋರೂಮಿಗೆ ಹೋದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಡಿಸ್ಕೌಂಟ್ ಎಷ್ಟು ಕೊಡ್ತೀರಿ?" ಈ ಪ್ರಶ್ನೆಯಿಂದ ಡೀಲರ್‌ಗೇನೂ ಕಷ್ಟವಿಲ್ಲ. ಇಪ್ಪತ್ತು ಸಾವಿರ ಬಿಟ್ಟೆವು ಎನ್ನುತ್ತಾರೆ, ಇನ್ಶೂರೆನ್ಸು, ಆಕ್ಸೆಸರೀಸು, ಸಾಲದ ಬಡ್ಡಿಯಲ್ಲಿ ಮೂವತ್ತೈದು ಸಾವಿರ ವಾಪಸ್ ಎತ್ತಿಕೊಳ್ಳುತ್ತಾರೆ. ಕೇಳಬೇಕಾದದ್ದು ಬೇರೆ: "ಗಾಡಿ ನನ್ನ ಮನೆ ಅಂಗಳಕ್ಕೆ ಬರುವ ಹೊತ್ತಿಗೆ ನನ್ನ ಕೈಯಿಂದ ಒಟ್ಟು ಎಷ್ಟು ಹೋಗುತ್ತದೆ? ಒಂದೊಂದೇ ಸಾಲಾಗಿ ಬರೆದುಕೊಡಿ." ಚೌಕಾಸಿ ಶುರುವಾಗುವುದು ಆ ಹಾಳೆ ಕೈಗೆ ಬಂದ ಮೇಲೆ.

ಮೊದಲು ಮನೆಯಲ್ಲೇ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ: ಬಿಳಿ ಬೋರ್ಡೋ, ಹಳದಿ ಬೋರ್ಡೋ. ಮನೆ ಮಂದಿಗೆ, ತೋಟದ ಓಡಾಟಕ್ಕೆ ಬಿಳಿ ಬೋರ್ಡ್ ಸಾಕು. ಹೋಂಸ್ಟೇ ಅತಿಥಿಗಳನ್ನು ದುಡ್ಡು ತೆಗೆದುಕೊಂಡು ತಲಕಾವೇರಿ, ಅಬ್ಬಿ ಫಾಲ್ಸ್ ಅಂತ ಸುತ್ತಿಸುವುದಾದರೆ ಹಳದಿ ಬೋರ್ಡೂ ಪರ್ಮಿಟ್ಟೂ ಬೇಕೇ ಬೇಕು. ತೆರಿಗೆ, ಇನ್ಶೂರೆನ್ಸ್, ಕಂಪನಿಯ ಆಫರ್ ಮೂರೂ ಇದರ ಮೇಲೆ ಬದಲಾಗುತ್ತವೆ. ಹಳದಿ ಬೋರ್ಡಾದರೆ ಫಿಟ್‌ನೆಸ್ (ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್) ಖರ್ಚೂ ಸೇರುತ್ತದೆ. ಹೊಸ ಗಾಡಿಗೆ ಮೊದಲ 2 ವರ್ಷ ಇರುತ್ತದೆ, 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ ಮಾಡಿಸಬೇಕು, ಆಮೇಲೆ ಪ್ರತಿ ವರ್ಷ. ಅರ್ಧ ಮಾತಾಡಿದ ಮೇಲೆ ಬೋರ್ಡ್ ಬದಲಿಸಿದರೆ ಅಲ್ಲಿಯವರೆಗಿನ ಲೆಕ್ಕವೆಲ್ಲ ಬಿದ್ದುಹೋಗುತ್ತದೆ, ಡೀಲರ್ ಹೊಸದಾಗಿ ಶುರು ಮಾಡುತ್ತಾನೆ.

ಕೊಟೇಶನ್ನಿನ ಸಾಲುಗಳು

ಎಕ್ಸ್-ಶೋರೂಂ ಬೆಲೆಯಲ್ಲಿ (ನೋಂದಣಿ, ವಿಮೆ ಸೇರಿಸುವ ಮುಂಚಿನ ಬೆಲೆ) ಜಿಎಸ್‌ಟಿ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಮೀರದ ಪೆಟ್ರೋಲ್ ಗಾಡಿಗಳಿಗೆ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿಯಿತು, ಮೇಲಿನ ಸೆಸ್ಸೂ ಹೋಯಿತು. ಮಾರುತಿ ಈಕೋ ಇದರೊಳಗೇ ಬರುತ್ತದೆ. ಸರಕು ಸಾಗಿಸುವ ಗಾಡಿಗಳಿಗೂ 28 ಇದ್ದದ್ದು 18 ಆಯಿತು. ಈ ಇಳಿಕೆ ಸರ್ಕಾರದ್ದು. ಅದನ್ನೇ ತೋರಿಸಿ "ಆಗಲೇ ಇಷ್ಟು ಕಡಿಮೆ ಮಾಡಿದ್ದೀವಲ್ಲ ಸಾರ್" ಎಂದರೆ ಒಪ್ಪಬೇಡಿ. ಡೀಲರ್ ಕೊಡುವ ರಿಯಾಯಿತಿ ಈಗಿನ ಬೆಲೆಯ ಮೇಲಿಂದ ಶುರುವಾಗಬೇಕು.

ಮುಂದಿನ ಸಾಲು ಆಜೀವ ತೆರಿಗೆ. ಕರ್ನಾಟಕದಲ್ಲಿ ಬಿಳಿ ಬೋರ್ಡ್ ಗಾಡಿಗೆ 5 ಲಕ್ಷದವರೆಗೆ ಶೇ. 13, 5ರಿಂದ 10 ಲಕ್ಷಕ್ಕೆ 14, 10ರಿಂದ 20 ಲಕ್ಷಕ್ಕೆ 17, ಅದಕ್ಕೂ ಮೇಲೆ 18. ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಅಂದರೆ 6 ಲಕ್ಷದ ವ್ಯಾನಿಗೆ 93,240 ರೂಪಾಯಿ. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ, ಆದರೆ ಹಂತ ದಾಟುವ ಕಡೆ ಎಚ್ಚರ ಇರಲಿ. 9.9 ಲಕ್ಷದ ಗಾಡಿಗೆ ತೆರಿಗೆ ಸುಮಾರು 1,53,800; 10.1 ಲಕ್ಷದ್ದಕ್ಕೆ ಸುಮಾರು 1,90,600. ಬೆಲೆಯಲ್ಲಿ ಇಪ್ಪತ್ತು ಸಾವಿರದ ವ್ಯತ್ಯಾಸ, ತೆರಿಗೆಯಲ್ಲಿ ಮೂವತ್ತಾರು ಸಾವಿರಕ್ಕೂ ಮೇಲೆ! ಮೇಲಿನ ವೇರಿಯಂಟ್ ತೋರಿಸಿ "ಸ್ವಲ್ಪವೇ ಜಾಸ್ತಿ" ಎಂದು ಹೇಳುವವರು ಈ ಲೆಕ್ಕ ಬಾಯಿ ಬಿಟ್ಟು ಹೇಳುವುದಿಲ್ಲ.

ನೋಂದಣಿ ಶುಲ್ಕ ಸಣ್ಣದು: ಸ್ವಂತ ಬಳಕೆಯ ಹಗುರ ವಾಹನಕ್ಕೆ 600 ರೂಪಾಯಿ, ಸಾರಿಗೆ ವಾಹನಕ್ಕೆ 1,000, ಸಾಲ ಇದ್ದರೆ ಹೈಪೋಥಿಕೇಶನ್ನಿಗೆ (ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ನಮೂದಿಸಲು) 1,500, ಆರ್‌ಸಿ ಕಾರ್ಡಿಗೆ 200. "ಆರ್‌ಟಿಓ ಖರ್ಚು" ಎಂದು ಒಂದೇ ಗಂಟಾಗಿ ಹತ್ತು ಸಾವಿರ ಬರೆದಿದ್ದರೆ ಬಿಡಿಸಿ ತೋರಿಸಲು ಹೇಳಿ. ಹೆಚ್ಚಿಗೆ ಸೇರಿಸಿದ್ದು ಅಲ್ಲೇ ಹೊರಬೀಳುತ್ತದೆ.

ಹ್ಯಾಂಡ್ಲಿಂಗ್ ಚಾರ್ಜ್, ಡಿಪೋ ಚಾರ್ಜ್, ಲಾಜಿಸ್ಟಿಕ್ಸ್ ಎಂಬ ಸಾಲು ಸರ್ಕಾರಕ್ಕೆ ಹೋಗುವ ಹಣವಲ್ಲ. ಗಾಡಿಯನ್ನು ಶೋರೂಮಿಗೆ ತರಿಸಿಕೊಳ್ಳುವುದು ಡೀಲರ್ ಕೆಲಸ, ಅವನ ಲಾಭಾಂಶದಲ್ಲೇ ಅದು ಆಗಬೇಕು. ಚೌಕಾಸಿಯಲ್ಲಿ ಮೊದಲು ಹೊಡೆಯಬೇಕಾದ ಸಾಲು ಇದೇ. "ಇದು ಏನಕ್ಕೆ ಅಂತ ಬಿಲ್ಲಿನಲ್ಲಿ ಬರೆದು ಸೀಲ್ ಹಾಕಿಕೊಡಿ" ಎಂದು ಸಮಾಧಾನವಾಗಿ ಕೇಳಿ. ಹೆಚ್ಚಿನ ಕಡೆ ಸಾಲು ಅಲ್ಲಿಗೇ ಮಾಯವಾಗುತ್ತದೆ.

10 ಲಕ್ಷಕ್ಕೂ ಹೆಚ್ಚಿನ ಗಾಡಿಗೆ, ಉದಾಹರಣೆಗೆ ಟ್ರಾವೆಲರ್, ವಿಂಗರ್ ತರಹದ್ದಕ್ಕೆ, ಶೇ. 1 ಟಿಸಿಎಸ್ (ಮಾರುವವರೇ ಹಿಡಿದು ಕಟ್ಟುವ ಆದಾಯ ತೆರಿಗೆ) ಬೀಳುತ್ತದೆ. ಇದು ಹೋಗಿಬಿಟ್ಟ ದುಡ್ಡಲ್ಲ. ಪ್ಯಾನ್ ನಂಬರ್ ಸರಿಯಾಗಿ ಕೊಟ್ಟು ಆದಾಯ ತೆರಿಗೆ ರಿಟರ್ನ್ ಹಾಕಿದರೆ ಹೊಂದಿಕೆಯಾಗುತ್ತದೆ, ಇಲ್ಲವೇ ವಾಪಸ್ ಬರುತ್ತದೆ. ತೋಟದ ಆದಾಯ ಮಾತ್ರ ಇದೆ, ರಿಟರ್ನ್ ಯಾಕೆ ಎನ್ನುವವರು ಆ ಒಂದು ವರ್ಷವಾದರೂ ಹಾಕಿ.

ಇನ್ಶೂರೆನ್ಸ್ ಮತ್ತು ಸಾಲ: ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳುವ ಜಾಗ

ಸ್ವಂತ ಬಳಕೆಯ ಹೊಸ ನಾಲ್ಕು ಚಕ್ರದ ಗಾಡಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ಪ್ರೀಮಿಯಂ ಸರ್ಕಾರ ನಿಗದಿ ಮಾಡಿದ್ದು, ಎಲ್ಲ ಕಂಪನಿಯಲ್ಲೂ ಒಂದೇ. ವ್ಯತ್ಯಾಸವಿರುವುದು ಓನ್ ಡ್ಯಾಮೇಜ್ (ನಿಮ್ಮ ಗಾಡಿಗೇ ಆಗುವ ಹಾನಿಯ) ಭಾಗದಲ್ಲಿ, ಆಡ್-ಆನ್‌ಗಳಲ್ಲಿ, ಅಂದರೆ ಹೆಚ್ಚುವರಿ ರಕ್ಷಣೆಗಳಲ್ಲಿ. ಶೋರೂಂ ಕೊಟೇಶನ್ನಿನಲ್ಲಿ ಕೀ ಕಳೆದರೆ, ಲಗೇಜ್ ಕಳೆದರೆ ಎಂದು ಐದಾರು ಆಡ್-ಆನ್ ಸುಮ್ಮನೆ ಸೇರಿಸಿರುತ್ತಾರೆ. ಶೋರೂಮಿನಲ್ಲೇ ವಿಮೆ ಮಾಡಿಸಬೇಕೆಂಬ ನಿಯಮ ಎಲ್ಲೂ ಇಲ್ಲ. ಅದೇ ಐಡಿವಿ (ಗಾಡಿ ಪೂರ್ತಿ ಹೋದರೆ ವಿಮೆ ಕೊಡುವ ಗರಿಷ್ಠ ಮೊತ್ತ), ಅದೇ ಆಡ್-ಆನ್ ಹೇಳಿ ಹೊರಗೆ ಎರಡು ಕಂಪನಿಯ ದರ ತೆಗೆದುಕೊಂಡು ಮುಂದಿಡಿ. ಐಡಿವಿ ಎಕ್ಸ್-ಶೋರೂಂ ಬೆಲೆಯ ಶೇ. 95 ಇರಬೇಕು, 6 ಲಕ್ಷದ ಗಾಡಿಗೆ 5.7 ಲಕ್ಷ. ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವ ಆಟ ಎರಡೂ ಕಡೆ ನಡೆಯುತ್ತದೆ, ನೋಡಿಕೊಳ್ಳಿ. ಹೊರಗಿನ ದರ ನೋಡಿದ ಮೇಲೆ ಶೋರೂಮಿನವರೇ ಅದಕ್ಕೆ ಹತ್ತಿರ ಬರುವುದುಂಟು. "ಹೊರಗೆ ಮಾಡಿಸಿದರೆ ಕ್ಯಾಶ್‌ಲೆಸ್ ಸಿಗಲ್ಲ" ಎನ್ನುವ ಮಾತನ್ನು ನಂಬಬೇಡಿ; ಕ್ಯಾಶ್‌ಲೆಸ್ (ರಿಪೇರಿ ಬಿಲ್ಲನ್ನು ವಿಮಾ ಕಂಪನಿಯೇ ನೇರ ಕಟ್ಟುವುದು) ವಿಮಾ ಕಂಪನಿಗೂ ವರ್ಕ್‌ಶಾಪಿಗೂ ಇರುವ ಒಪ್ಪಂದದ ಮೇಲೆ ಹೋಗುತ್ತದೆ. ನಿಮ್ಮ ಹತ್ತಿರದ ವರ್ಕ್‌ಶಾಪ್ ಆ ಪಟ್ಟಿಯಲ್ಲಿದೆಯೇ ಎಂದು ಮಾತ್ರ ಕೇಳಿಕೊಳ್ಳಿ.

ಎಲ್ಲ ಆಡ್-ಆನ್ ದಂಡ ಎಂದಲ್ಲ. ಕೊಡಗಿನ ಮಟ್ಟಿಗೆ ಝೀರೋ ಡೆಪ್ರಿಸಿಯೇಶನ್ (ಬಿಡಿಭಾಗದ ಸವಕಳಿ ಹಿಡಿಯದೆ ಕ್ಲೇಮ್ ಕೊಡುವುದು) ಮತ್ತು ಎಂಜಿನ್ ಪ್ರೊಟೆಕ್ಷನ್ ಇಟ್ಟುಕೊಳ್ಳುವುದು ಒಳ್ಳೆಯದು. ಭಾಗಮಂಡಲದಲ್ಲಿ ಮಳೆಗಾಲದಲ್ಲಿ ರಸ್ತೆ ಮೇಲೆ ನೀರು ಬರುವುದು ಹೊಸತಲ್ಲ, 2018 ಮತ್ತು 2019ರಲ್ಲಿ ಕುಶಾಲನಗರದ ಬಡಾವಣೆಗಳಿಗೂ ಕಾವೇರಿ ನುಗ್ಗಿತು. ನೀರು ಒಳಹೋಗಿ ಎಂಜಿನ್ ಸೀಝ್ ಆದರೆ ಸಾಮಾನ್ಯ ಪಾಲಿಸಿ ಕೈಕೊಡುತ್ತದೆ.

ಹಳೇ ಗಾಡಿಯಲ್ಲಿ ಕ್ಲೇಮ್ ಮಾಡದೆ ಉಳಿಸಿಕೊಂಡ ನೋ ಕ್ಲೇಮ್ ಬೋನಸ್ ಇದ್ದರೆ ಅದು ನಿಮ್ಮದು, ಗಾಡಿಯದಲ್ಲ. ಮಾರಿದ ಮೇಲೆ ವಿಮಾ ಕಂಪನಿಯಿಂದ ಪತ್ರ ತೆಗೆದುಕೊಂಡು ಹೊಸ ಗಾಡಿಯ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ. 20ರಿಂದ 50ರವರೆಗೆ ಕಳೆಸಿಕೊಳ್ಳಬಹುದು. ಶೋರೂಮಿನಲ್ಲಿ ಇದನ್ನು ತಾವಾಗಿ ಯಾರೂ ನೆನಪಿಸುವುದಿಲ್ಲ.

ಸಾಲದ ವಿಷಯ ಇನ್ನೂ ದೊಡ್ಡದು. ಶೋರೂಮಿಗೆ ಹೋಗುವ ಮೊದಲೇ ನಿಮ್ಮ ಬ್ಯಾಂಕಿನಲ್ಲಿ ಎಷ್ಟು ಬಡ್ಡಿಗೆ ಸಿಗುತ್ತದೆ ಎಂದು ಲಿಖಿತವಾಗಿ ಕೇಳಿಕೊಂಡಿರಿ. 6 ಲಕ್ಷ ಸಾಲ, 60 ಕಂತು ಎಂದಿಟ್ಟುಕೊಳ್ಳಿ. ಶೇ. 9ಕ್ಕೆ ಕಂತು 12,455, ಶೇ. 10.5ಕ್ಕೆ 12,896. ತಿಂಗಳಿಗೆ ನಾನೂರ ನಲವತ್ತು ರೂಪಾಯಿ ಏನು ಮಹಾ ಎನಿಸುತ್ತದೆ. ಐದು ವರ್ಷಕ್ಕೆ ಅದು ಸುಮಾರು 26,500. "ನಮ್ಮ ಫೈನಾನ್ಸ್ ತೊಗೊಂಡ್ರೆ ಹದಿನೈದು ಸಾವಿರ ಎಕ್ಸ್‌ಟ್ರಾ ಡಿಸ್ಕೌಂಟ್" ಎಂಬ ಮಾತಿನ ಬೆಲೆ ಇಷ್ಟು: ಹದಿನೈದು ಕೊಟ್ಟು ಇಪ್ಪತ್ತಾರೂವರೆ ತೆಗೆದುಕೊಂಡಂತೆ.

ಹಳದಿ ಬೋರ್ಡ್ ಗಾಡಿಗೆ ಸಾಲ ಕೊಡುವ ಫೈನಾನ್ಸ್ ಕಂಪನಿಗಳು ಬಡ್ಡಿಯನ್ನು ಫ್ಲಾಟ್ ರೇಟಿನಲ್ಲಿ ಹೇಳುವುದು ರೂಢಿ. ಫ್ಲಾಟ್ ಶೇ. 6 ಎಂದರೆ 6 ಲಕ್ಷಕ್ಕೆ ಐದು ವರ್ಷದ ಬಡ್ಡಿ 1.8 ಲಕ್ಷ, ಕಂತು 13,000. ಅಸಲು ತೀರುತ್ತಾ ಹೋದರೂ ಬಡ್ಡಿ ಪೂರ್ತಿ ಮೊತ್ತಕ್ಕೇ ಬೀಳುತ್ತಿರುವುದರಿಂದ, ಬ್ಯಾಂಕಿನ ಲೆಕ್ಕದಲ್ಲಿ ಇದು ಶೇ. 10.8ಕ್ಕೂ ಸ್ವಲ್ಪ ಮೇಲೆ. ಆರು, ಒಂಬತ್ತಕ್ಕಿಂತ ಕಡಿಮೆ ಎಂದು ಸಹಿ ಹಾಕಿದವರು ಪ್ರತಿ ತಿಂಗಳೂ 545 ರೂಪಾಯಿ ಹೆಚ್ಚು ಕಟ್ಟುತ್ತಿರುತ್ತಾರೆ. ಆದ್ದರಿಂದ ಶೇಕಡ ಕೇಳಬೇಡಿ. ಕಂತು ಎಷ್ಟು, ಎಷ್ಟು ಕಂತು, ಪ್ರೊಸೆಸಿಂಗ್ ಫೀ ಎಷ್ಟು, ಮಧ್ಯದಲ್ಲಿ ತೀರಿಸಿದರೆ ದಂಡ ಎಷ್ಟು, ಈ ನಾಲ್ಕನ್ನು ಕೇಳಿ ಗುಣಿಸಿ ನೋಡಿ. ಕಾಫಿ ದುಡ್ಡು ಬಂದಾಗ ಸಾಲ ಮುಂಚಿತವಾಗಿ ತೀರಿಸುವ ಯೋಚನೆ ಇರುವ ಬೆಳೆಗಾರರಿಗೆ ಆ ಕೊನೆಯ ದಂಡವೇ ಮುಖ್ಯ.

ಡೀಲರ್ ಯಾವಾಗ ಬಗ್ಗುತ್ತಾನೆ

ಡೀಲರ್ ಗಾಡಿಯನ್ನು ಸಾಲ ಮಾಡಿ ತರಿಸಿರುತ್ತಾನೆ. ಯಾರ್ಡಿನಲ್ಲಿ ಎರಡು ಮೂರು ತಿಂಗಳು ನಿಂತ ಗಾಡಿಯ ಬಡ್ಡಿ ಅವನ ಲಾಭವನ್ನೇ ತಿನ್ನುತ್ತದೆ. ಆದ್ದರಿಂದ ಬುಕ್ ಮಾಡಿ ಕಾಯುವ ಗಾಡಿಗಿಂತ ನಿಂತಿರುವ ಗಾಡಿಗೆ ರಿಯಾಯಿತಿ ಹೆಚ್ಚು. "ಸ್ಟಾಕ್‌ನಲ್ಲಿ ಹಳೇದು ಯಾವುದಿದೆ, ಯಾವ ಬಣ್ಣ?" ಎಂದು ನೇರವಾಗಿ ಕೇಳಿ. ಬಣ್ಣಕ್ಕೆ ಹಠ ಹಿಡಿಯದವರಿಗೆ ಇಲ್ಲಿ ಲಾಭ. ಮಾರಾಟದ ಗುರಿ ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಲೆಕ್ಕವಾಗುವುದರಿಂದ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರಿನ ಕೊನೆಯ ವಾರ ಮಾತು ಬೇಗ ಇಳಿಯುತ್ತದೆ.

ಕೊಡಗಿನ ಕ್ಯಾಲೆಂಡರ್ ಬೇರೆಯದೇ. ಅರೇಬಿಕ ಕೊಯ್ಲು ಮುಗಿದು ರೊಬಸ್ಟಾ ಮಾರಾಟವಾಗಿ ದುಡ್ಡು ಕೈಗೆ ಬರುವುದು ಫೆಬ್ರವರಿಯಿಂದ ಏಪ್ರಿಲ್. ಗಿರಾಕಿಗಳು ಹೆಚ್ಚಿರುವ ಆ ಹೊತ್ತಿನಲ್ಲಿ ಅವಸರ ತೋರಿಸಿದರೆ ಕೆಟ್ಟಿರಿ. ಹೋಗುವುದೇ ಆದರೆ ಮಾರ್ಚ್ ಕೊನೆಗೆ ಹೋಗಿ. ಕೈಲ್‌ಪೊಳ್ದ್, ಆಯುಧಪೂಜೆ, ಪುತ್ತರಿ ಹತ್ತಿರ ಬಂದಾಗ "ಆ ದಿನವೇ ಗಾಡಿ ಬೇಕು" ಎಂದು ಬಾಯಿಬಿಟ್ಟರೆ ನಿಮ್ಮ ಚೌಕಾಸಿ ಅಲ್ಲಿಗೆ ಮುಗಿಯಿತು. ಒಳ್ಳೆಯ ಕಾಲ ಆಷಾಢ, ಕೊಡವರ ಕಕ್ಕಡ ತಿಂಗಳು. ಶುಭಕಾರ್ಯ ಮಾಡುವುದಿಲ್ಲ, ಮಳೆ ಬಿಡುವುದಿಲ್ಲ, ಶೋರೂಮಿಗೆ ಜನ ಕಡಿಮೆ. ಮುಹೂರ್ತದ ಚಿಂತೆ ಇರುವವರು ಕಕ್ಕಡದಲ್ಲಿ ರೇಟು ಮುಗಿಸಿ, ಬರವಣಿಗೆ ಮಾಡಿಸಿ, ಡೆಲಿವರಿಯನ್ನು ಸಿಂಹ ಮಾಸಕ್ಕೆ ಇಟ್ಟುಕೊಳ್ಳಬಹುದು. ಆದರೆ ಒಂದು ಷರತ್ತು ಬರೆಸಲೇಬೇಕು: ಬೆಲೆಯೂ ಆಫರೂ ಡೆಲಿವರಿ ದಿನದವರೆಗೆ ಬದಲಾಗಬಾರದು. ಹಾಗೆ ಬರೆಸದಿದ್ದರೆ ಡೆಲಿವರಿ ದಿನದ ಬೆಲೆಯೇ ಅನ್ವಯ, ಆ ತಿಂಗಳ ಆಫರ್ ಹೋಗಿರುತ್ತದೆ.

ಡಿಸೆಂಬರ್, ಜನವರಿಯಲ್ಲಿ ಹೋದ ವರ್ಷ ತಯಾರಾದ ಗಾಡಿಗೆ ಹೆಚ್ಚು ಬಿಡುತ್ತಾರೆ. ಹತ್ತು ವರ್ಷ ಇಟ್ಟುಕೊಳ್ಳುವವರು ಧೈರ್ಯವಾಗಿ ಕೊಳ್ಳಬಹುದು. ಮೂರು ನಾಲ್ಕು ವರ್ಷಕ್ಕೆ ಮಾರುವವರಿಗೆ ಅದೇ ಒಂದು ವರ್ಷ ಮರುಮಾರಾಟದಲ್ಲಿ ಕಡಿತವಾಗುತ್ತದೆ. ತಯಾರಾದ ತಿಂಗಳು, ವರ್ಷ ಫಾರ್ಮ್ 21ರಲ್ಲಿ (ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರ) ಇರುತ್ತದೆ, ಆರ್‌ಸಿಯಲ್ಲೂ ಬರುತ್ತದೆ.

ಮೂರು ಕೊಟೇಶನ್, ಆದರೆ ಮೂರು ಮಾಲೀಕರದ್ದು

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದ ಶೋರೂಮುಗಳಲ್ಲಿ ಹಲವು ಮೈಸೂರು ಅಥವಾ ಮಂಗಳೂರಿನ ಡೀಲರುಗಳ ಶಾಖೆಗಳು. ಕುಶಾಲನಗರದಲ್ಲಿ ಒಂದು, ಮೈಸೂರಿನಲ್ಲಿ ಒಂದು ಕೊಟೇಶನ್ ತೆಗೆದುಕೊಂಡು ಎರಡೂ ಒಂದೇ ಕಂಪನಿಯದಾಗಿದ್ದರೆ ಪೈಪೋಟಿ ಎಲ್ಲಿಂದ ಬಂತು? ಕೊಟೇಶನ್ನಿನ ತಲೆಯಲ್ಲಿರುವ ಜಿಎಸ್‌ಟಿ ನಂಬರ್ ನೋಡಿ. ಮೊದಲ ಎರಡು ಅಂಕಿ 29 ಕರ್ನಾಟಕದ್ದು, ಅದಾದ ಮೇಲಿನ ಹತ್ತು ಅಕ್ಷರ ಆ ಸಂಸ್ಥೆಯ ಪ್ಯಾನ್. ಆ ಹತ್ತು ಎರಡು ಹಾಳೆಯಲ್ಲೂ ಒಂದೇ ಇದ್ದರೆ ಮಾಲೀಕರೂ ಒಬ್ಬರೇ. ಹಾಗಿದ್ದರೆ ಹಾಸನಕ್ಕೋ ಮಂಗಳೂರಿಗೋ ಫೋನ್ ಮಾಡಿ, ಬೇರೆ ಪ್ಯಾನಿನ ಕೊಟೇಶನ್ ತರಿಸಿಕೊಳ್ಳಿ. ವಾಟ್ಸಾಪಿನಲ್ಲಿ ಬಂದರೂ ಸಾಕು, ಆದರೆ ವೇರಿಯಂಟ್, ಬಣ್ಣ, ತಯಾರಿಕೆಯ ವರ್ಷ ಬರೆದಿರಬೇಕು.

ಜಿಲ್ಲೆಯ ಹೊರಗೆ ಕೊಂಡರೆ ಕೊಡಗಿನ ಕೆಎ-12 ನಂಬರ್ ಅವರೇ ಮಾಡಿಸಿಕೊಡುತ್ತಾರೆಯೇ, ತಾತ್ಕಾಲಿಕ ನೋಂದಣಿಯ ಖರ್ಚು ಯಾರದು ಎಂದು ಮೊದಲೇ ಕೇಳಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ.; ಎರಡು ಸಲ ಓಡಾಡುವ ಖರ್ಚೂ ದಿನವೂ ಲೆಕ್ಕಕ್ಕೆ ಹಿಡಿದರೆ ನಾಲ್ಕೈದು ಸಾವಿರದ ವ್ಯತ್ಯಾಸಕ್ಕೆ ಹೊರಗೆ ಹೋಗುವುದರಲ್ಲಿ ಅರ್ಥವಿಲ್ಲ. ಅದೇ ವ್ಯತ್ಯಾಸ ಹದಿನೈದು ಸಾವಿರ ದಾಟಿದರೆ ಹೋಗಬಹುದು. ಕಂಪನಿ ವಾರಂಟಿ ಎಲ್ಲಿ ಕೊಂಡರೂ ಹತ್ತಿರದ ಅಧಿಕೃತ ವರ್ಕ್‌ಶಾಪಿನಲ್ಲಿ ನಡೆಯುತ್ತದೆ.

ಮಾತಾಡುವಾಗ ಸೇಲ್ಸ್ ಹುಡುಗನ ಮೇಲೆ ಎಗರಾಡಿ ಪ್ರಯೋಜನವಿಲ್ಲ, ಅವನ ಕೈಯಲ್ಲಿ ಇರುವುದು ಸ್ವಲ್ಪ. ಅವನು ಕೊನೆಯ ರೇಟು ಎಂದ ಮೇಲೆ ಟೀಮ್ ಲೀಡರ್ ಅಥವಾ ಮ್ಯಾನೇಜರ್ ಜೊತೆ ಕೂತು ಹೀಗೆ ಹೇಳಿ:

"ಸಾರ್, ಇದು ಹಾಸನದ ಕೊಟೇಶನ್. ಇನ್ಶೂರೆನ್ಸ್, ಲೋನ್ ನಾನೇ ನೋಡ್ಕೊಳ್ತೀನಿ. ಹ್ಯಾಂಡ್ಲಿಂಗ್ ತೆಗೀರಿ, ಆಕ್ಸೆಸರೀಸ್ ಬೇಡ. ಆನ್-ರೋಡ್ ಈ ಮೊತ್ತಕ್ಕೆ ಬಂದ್ರೆ ಇವತ್ತೇ ಬುಕ್ ಮಾಡ್ತೀನಿ."

ಆಮೇಲೆ ಸುಮ್ಮನಿರಿ. "ನಿಮ್ಮ ಬಜೆಟ್ ಎಷ್ಟು ಸಾರ್?" ಎಂದು ಕೇಳಿದರೆ ಉತ್ತರ ಆ ಹಾಳೆಯಲ್ಲಿದೆ ಎಂದು ತೋರಿಸಿ. ಅವರು ಒಪ್ಪದಿದ್ದರೆ ನಂಬರ್ ಕೊಟ್ಟು ಎದ್ದು ಬನ್ನಿ; ತಿಂಗಳ ಕೊನೆಯಾಗಿದ್ದರೆ ಫೋನ್ ಬರುವ ಸಾಧ್ಯತೆ ಹೆಚ್ಚು. ಈಕೋ ತರಹ ಚೆನ್ನಾಗಿ ಓಡುವ ಗಾಡಿಗೆ ಕಾಯುವ ಪಟ್ಟಿ ಇದ್ದರೆ ನಗದು ರಿಯಾಯಿತಿ ಹೆಚ್ಚು ಸಿಗುವುದಿಲ್ಲ. ಆಗ ಹ್ಯಾಂಡ್ಲಿಂಗ್, ಇನ್ಶೂರೆನ್ಸ್ ಎರಡರಲ್ಲೇ ಉಳಿಸಿ ಬನ್ನಿ.

ಕೇಳದಿದ್ದರೆ ಸಿಗದ ರಿಯಾಯಿತಿಗಳು

ಕಂಪನಿಯ ತಿಂಗಳ ಆಫರ್, ಎಕ್ಸ್‌ಚೇಂಜ್ ಬೋನಸ್, ಸ್ಕ್ರ್ಯಾಪ್ ಬೋನಸ್ (ಹಳೇ ಗಾಡಿ ಗುಜರಿಗೆ ಹಾಕಿದ್ದಕ್ಕೆ), ಕಾರ್ಪೊರೇಟ್ ರಿಯಾಯಿತಿ, ಡೀಲರ್ ತನ್ನ ಲಾಭದಿಂದ ಬಿಡುವುದು, ಇವೆಲ್ಲ ಬೇರೆ ಬೇರೆ ಜೇಬಿನಿಂದ ಬರುತ್ತವೆ. ಕಂಪನಿ ಕೊಟ್ಟದ್ದನ್ನೇ ಡೀಲರ್ ತನ್ನದೆಂದು ತೋರಿಸಬಹುದು, ಆದ್ದರಿಂದ ಪ್ರತಿಯೊಂದನ್ನೂ ಬೇರೆ ಸಾಲಿನಲ್ಲಿ ಬರೆಸಿ. ಮನೆಯಲ್ಲಿ ಶಿಕ್ಷಕರು, ಬ್ಯಾಂಕ್ ಅಥವಾ ಸರ್ಕಾರಿ ನೌಕರರಿದ್ದರೆ ಅವರ ಹೆಸರಿನಲ್ಲಿ ಕಾರ್ಪೊರೇಟ್ ರಿಯಾಯಿತಿ ಉಂಟೇ ಎಂದು ಕೇಳಿ.

ಕೊಡಗಿನ ಮನೆಮನೆಯಲ್ಲೂ ಫೌಜಿಗಳಿದ್ದಾರೆ. ಸೇವೆಯಲ್ಲಿರುವವರು, ಮಾಜಿ ಸೈನಿಕರು ಸಿಎಸ್‌ಡಿ (ಸೇನೆಯ) ಕ್ಯಾಂಟೀನ್ ಮೂಲಕ ಸ್ವಂತ ಬಳಕೆಯ ಗಾಡಿ ಕೊಂಡರೆ ಜಿಎಸ್‌ಟಿಯಲ್ಲೇ ಅರ್ಧ ಉಳಿಯುತ್ತದೆ, ಯಾವ ಡೀಲರೂ ತನ್ನ ಲಾಭದಿಂದ ಅಷ್ಟು ಬಿಡಲಾರ. ಅರ್ಹತೆ ಮತ್ತು ಮಾದರಿಗಳ ಪಟ್ಟಿ ಸಿಎಸ್‌ಡಿಯ ಎಎಫ್‌ಡಿ (ಬೇಡಿಕೆ ಮೇಲೆ ತರಿಸಿಕೊಡುವ ವಸ್ತುಗಳ) ಪೋರ್ಟಲಿನಲ್ಲಿ ಸಿಗುತ್ತದೆ. ಮಂಜೂರಾತಿಗೆ ಸಮಯ ಹಿಡಿಯುವುದರಿಂದ ಹಬ್ಬಕ್ಕೆ ಮುಂಚೆ ಬೇಕೆಂದರೆ ಬೇಗ ಶುರು ಮಾಡಿ. ಗಾಡಿ ಅವರ ಹೆಸರಿನಲ್ಲೇ ಇರಬೇಕು, ಬಾಡಿಗೆಗೆ ಓಡಿಸಲು ಈ ದಾರಿ ಅಲ್ಲ.

ಅಂಗಡಿ, ಬೇಕರಿ, ಹಾರ್ಡ್‌ವೇರ್ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಇರುವವರು ಕಾರ್ಗೋ ವ್ಯಾನ್ ಕೊಳ್ಳುವುದಾದರೆ ಇನ್‌ವಾಯ್ಸಿನಲ್ಲಿ ತಮ್ಮ ಜಿಎಸ್‌ಟಿ ನಂಬರ್ ಹಾಕಿಸಲೇಬೇಕು. ಸರಕು ವಾಹನದ ಮೇಲೆ ಕಟ್ಟಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ (ವ್ಯಾಪಾರದಲ್ಲಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳುವ ಅವಕಾಶ) ಉಂಟು. ಜನ ಕೂರುವ ಸಣ್ಣ ವ್ಯಾನಿಗೆ ಸಾಮಾನ್ಯವಾಗಿ ಇಲ್ಲ. ಆಡಿಟರನ್ನು ಮೊದಲೇ ಕೇಳಿ, ಬಿಲ್ ಆದ ಮೇಲೆ ಸರಿಪಡಿಸುವುದು ತಲೆನೋವು.

ಹಳೇ ಗಾಡಿ ಎಕ್ಸ್‌ಚೇಂಜಿಗೆ ಕೊಡುವ ವಿಷಯವನ್ನು ಹೊಸ ಗಾಡಿಯ ರೇಟು ಮುಗಿಯುವವರೆಗೆ ಎತ್ತಬೇಡಿ. ಎರಡನ್ನೂ ಕಲಸಿದರೆ ಹಳೇದಕ್ಕೆ ಹೆಚ್ಚು ಕೊಟ್ಟಂತೆ ಮಾಡಿ ಹೊಸದರಲ್ಲಿ ಹಿಡಿದುಬಿಡುತ್ತಾರೆ. ಓಡುವ ಸ್ಥಿತಿಯ ಓಮ್ನಿಗೆ ತೋಟದ ಕಡೆ ಈಗಲೂ ಕೇಳುವವರಿದ್ದಾರೆ. ಹೊರಗಿನ ಬೆಲೆ ವಿಚಾರಿಸಿ, ಶೋರೂಮಿನ ಬೆಲೆಗೆ ಎಕ್ಸ್‌ಚೇಂಜ್ ಬೋನಸ್ ಕೂಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊರಗೆ ಮಾರಿದರೆ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30 ಸಹಿ ಮಾಡಿ ಹೆಸರು ಬದಲಾಗುವವರೆಗೆ ಬೆನ್ನುಹತ್ತಿ. ಅಧಿಕೃತ ಪರವಾನಗಿಯ ಡೀಲರ್‌ಗೆ ಕೊಟ್ಟರೆ ಫಾರ್ಮ್ 29ಸಿ (ಗಾಡಿಯನ್ನು ಡೀಲರ್‌ಗೆ ಒಪ್ಪಿಸಿದ ತಿಳಿವಳಿಕೆ) ಸಲ್ಲಿಕೆಯಾಗಿದೆಯೇ ನೋಡಿ. ಇದು ಆಗದೆ ಗಾಡಿ ಬಿಟ್ಟರೆ ನಾಳೆ ಅಪಘಾತವಾದಾಗ ನೋಟಿಸ್ ಬರುವುದು ನಿಮ್ಮ ಮನೆಗೆ.

ಆಕ್ಸೆಸರೀಸ್ ಬಗ್ಗೆ ಒಂದೇ ಮಾತು: ನಗದಿನ ಬದಲು "ಹದಿನೈದು ಸಾವಿರದ ಆಕ್ಸೆಸರೀಸ್ ಫ್ರೀ" ಎಂದರೆ ಅದು ಅವರ ಎಂಆರ್‌ಪಿಯ ಹದಿನೈದು ಸಾವಿರ. ನಗದನ್ನೇ ಕೇಳಿ. ನಮ್ಮ ಮಳೆಗೆ ಅಡಿಭಾಗದ ತುಕ್ಕುನಿರೋಧಕ ಕೋಟಿಂಗ್, ಮಡ್ ಫ್ಲ್ಯಾಪ್ ಎರಡೂ ಬೇಕು, ಹೊರಗಿನ ದರ ಕೇಳಿಯೇ ಮಾಡಿಸಿ.

ಬುಕಿಂಗ್, ಡೆಲಿವರಿ

ಮುಂಗಡವನ್ನು ಸಂಸ್ಥೆಯ ಖಾತೆಗೇ ಹಾಕಿ, ಸೇಲ್ಸ್‌ಮ್ಯಾನಿನ ಫೋನ್‌ಪೇಗೆ ಬೇಡ. ಬುಕಿಂಗ್ ಫಾರ್ಮಿನಲ್ಲಿ ಒಟ್ಟು ಆನ್-ರೋಡ್ ಮೊತ್ತ, ಪ್ರತಿ ರಿಯಾಯಿತಿ, ತಯಾರಿಕೆಯ ವರ್ಷ, ಡೆಲಿವರಿ ದಿನಾಂಕ, ರದ್ದು ಮಾಡಿದರೆ ಎಷ್ಟು ವಾಪಸ್ ಎಂಬುದನ್ನು ಬರೆಸಿ ಮ್ಯಾನೇಜರ್ ಸಹಿ, ಸೀಲ್ ಹಾಕಿಸಿ. ಬಾಯಿಮಾತಿನ ರಿಯಾಯಿತಿ ಬಿಲ್ಲಿಂಗ್ ದಿನ ಯಾರಿಗೂ ನೆನಪಿರುವುದಿಲ್ಲ, ಅಷ್ಟರಲ್ಲಿ ಆ ಹುಡುಗ ಕೆಲಸ ಬಿಟ್ಟಿದ್ದರೂ ಆಶ್ಚರ್ಯವಿಲ್ಲ.

ಪೂರ್ತಿ ಹಣ ಕಟ್ಟುವ ಮೊದಲು, ನೋಂದಣಿಗೂ ಮೊದಲು, ಗಾಡಿ ನೋಡಿ. ಒಮ್ಮೆ ನಿಮ್ಮ ಹೆಸರಿಗೆ ನೋಂದಣಿಯಾದರೆ ಬದಲಿಸಿಕೊಡಿ ಎನ್ನುವ ಬಲ ಹೋಯಿತು. ಛಾಸಿ ಮತ್ತು ಎಂಜಿನ್ ನಂಬರನ್ನು ಕಾಗದದೊಂದಿಗೆ ತಾಳೆ ಹಾಕಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. 2325 ಎಂದಿದ್ದರೆ 2025ರ 23ನೇ ವಾರ. ಸ್ಟೆಪ್ನಿ ಸೇರಿ ಐದೂ ನೋಡಿ. ಮಳೆಗಾಲದಲ್ಲಿ ಬಯಲು ಯಾರ್ಡಿನಲ್ಲಿ ನಿಂತ ಗಾಡಿಯಾದರೆ ಮ್ಯಾಟ್ ಎತ್ತಿ ಕೆಳಗೆ ಕೈಯಾಡಿಸಿ: ತೇವ, ಬೂಸಲು ವಾಸನೆ, ಸೀಟಿನ ಹಳಿಯಲ್ಲಿ ಕೆಸರಿನ ಪುಡಿ ಇದ್ದರೆ ಬೇರೆ ಗಾಡಿ ಕೇಳಿ. ಬ್ರೇಕ್ ಡಿಸ್ಕಿನ ಮೇಲಿನ ತೆಳು ತುಕ್ಕಿಗೆ ಹೆದರಬೇಡಿ, ಸ್ವಲ್ಪ ಓಡಿಸಿದರೆ ಹೋಗುತ್ತದೆ. ಇಲಿ ವೈರ್ ಕಡಿದಿರಬಹುದು, ಆದ್ದರಿಂದ ಲೈಟು, ವೈಪರ್, ಹಾರ್ನ್, ಬ್ಲೋವರ್ ಎಲ್ಲ ಹಾಕಿ ನೋಡಿ. ಪೇಂಟನ್ನು ಸೂರಿನಡಿ ಒಣಗಿಸಿ, ಬೆಳಕಿಗೆ ಓರೆಯಾಗಿ ನೋಡಿ. ಒದ್ದೆ ಗಾಡಿಯಲ್ಲಿ ಗೀರು ಕಾಣುವುದಿಲ್ಲ.

ಡೆಲಿವರಿ ದಿನ ಟ್ಯಾಕ್ಸ್ ಇನ್‌ವಾಯ್ಸ್, ಫಾರ್ಮ್ 21, ಫಾರ್ಮ್ 22 (ಗಾಡಿ ರಸ್ತೆಗೆ ಯೋಗ್ಯ ಎಂಬ ತಯಾರಕರ ಪ್ರಮಾಣಪತ್ರ), ವಿಮಾ ಪಾಲಿಸಿ, ತೆರಿಗೆ ಕಟ್ಟಿದ ರಸೀದಿ, ಎರಡೂ ಕೀ ತೆಗೆದುಕೊಳ್ಳಿ. ಇನ್‌ವಾಯ್ಸಿನ ಮೊತ್ತ, ತೆರಿಗೆ ರಸೀದಿ, ಪಾಲಿಸಿಯ ಪ್ರೀಮಿಯಂ ಮೂರನ್ನೂ ಕೂಡಿಸಿ. ನೀವು ಕಟ್ಟಿದ್ದಕ್ಕೂ ಅದಕ್ಕೂ ನೋಂದಣಿ ಶುಲ್ಕ, ಫಾಸ್ಟ್ಯಾಗ್ ಬಿಟ್ಟು ಬೇರೆ ವ್ಯತ್ಯಾಸ ಇದ್ದರೆ ಅಲ್ಲೇ ಕುಳಿತು ವಿವರಣೆ ಕೇಳಿ. ಎಕ್ಸ್‌ಚೇಂಜ್ ಬೋನಸ್ ಆಮೇಲೆ ಖಾತೆಗೆ ಬರುತ್ತದೆ ಎಂದರೆ ಎಷ್ಟು, ಯಾವ ದಿನಾಂಕದೊಳಗೆ ಎಂದು ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ. ಬರದಿದ್ದರೆ ಆ ಕಾಗದ ಹಿಡಿದು ಮೊದಲು ಕಂಪನಿಯ ಗ್ರಾಹಕ ಸೇವೆಗೆ ದೂರು ಕೊಡಿ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಅಲ್ಲೂ ಆಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ.